ಮಳೆ ರಜೆ ಮಕ್ಕಳಿಗೆ ಮಾತ್ರಾನಾ?

ಜುಲೈ ಬಂತೆಂದರೆ ಕೊಡಗಿನಲ್ಲಿ ರಾತ್ರಿ ಹೊತ್ತು ಎಲ್ಲರ ಮೊಬೈಲಿನಲ್ಲೂ ಒಂದೇ ಪ್ರಶ್ನೆ: ನಾಳೆ ರಜೆ ಇದೆಯಾ? ಜಿಲ್ಲಾಧಿಕಾರಿಗಳ ಆದೇಶ ಬರುತ್ತೆ. ಅಂಗನವಾಡಿ, ಶಾಲೆ, ಕೆಲವೊಮ್ಮೆ ಕಾಲೇಜು. ಮಕ್ಕಳು ಖುಷಿಯಾಗಿ ಕಂಬಳಿ ಎಳೆದುಕೊಂಡು ಮಲಗುತ್ತವೆ. ಅಪ್ಪ ಅಮ್ಮ ಮಾತ್ರ ಬೆಳಿಗ್ಗೆ ಅದೇ ಗಾಳಿ ಮಳೆಯಲ್ಲಿ ಬ್ಯಾಂಕಿಗೋ, ಅಂಗಡಿಗೋ, ಆಫೀಸಿಗೋ ಹೊರಡಬೇಕು. ಬೀಳುವ ಮರ ವಯಸ್ಸು ಕೇಳಿ ಬೀಳುತ್ತಾ?

ರೆಡ್ ಅಲರ್ಟ್ ಅಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯ ನಿರೀಕ್ಷೆ. ನಮ್ಮ ತೋಟದವರ ಲೆಕ್ಕದಲ್ಲಿ ಎಂಟು ಇಂಚು. (ಇಲ್ಲಿ ಇವತ್ತಿಗೂ ಮಳೆ ಅಳೆಯೋದು ಇಂಚು, ಸೆಂಟಿನಲ್ಲೇ.) ಎಂಟು ಇಂಚು ಅಂದರೆ ಏನು ಅಂತ ನಮ್ಮೂರಿನ ಯಾವ ಅಜ್ಜನಿಗೂ ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿ ಕೂತ ಮ್ಯಾನೇಜರಿಗೆ ವಿವರಿಸಬೇಕು, ಅದೂ ಕರೆಂಟು ಹೋಗುವುದರೊಳಗೆ :)

"ಮನೆಯಿಂದಲೇ ಕೆಲಸ ಮಾಡಿ" ಅಂತಾರೆ. ಒಂದು ಸಿಲ್ವರ್ ಓಕ್ ತಂತಿ ಮೇಲೆ ಒರಗಿದರೆ ಊರೇ ಕತ್ತಲು. ಮೊದಲು ಇನ್ವರ್ಟರ್ ಸಾಯುತ್ತೆ, ಆಮೇಲೆ ಮೊಬೈಲ್ ಟವರ್. ಮುಗೀತು.

ಆದರೆ ನನ್ನ ತಕರಾರು ಕೆಲಸದ ಬಗ್ಗೆ ಅಲ್ಲ, ವಾಪಸ್ ಬರುವುದರ ಬಗ್ಗೆ. ಬೆಳಿಗ್ಗೆ ಹೋಗುವಾಗ ಇದ್ದ ರಸ್ತೆ ಸಂಜೆ ಇರೋದಿಲ್ಲ. ಭಾಗಮಂಡಲ–ನಾಪೋಕ್ಲು ರಸ್ತೆಗೆ ಕಾವೇರಿ ನುಗ್ಗಿದರೆ ಆಚೆಯವರು ಆಚೆ, ಈಚೆಯವರು ಈಚೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ಕರ್ತೋಜಿಯ ಬಳಿ ಗುಡ್ಡ ಜಾರುವ ಭಯಕ್ಕೆ ಅದೇ ರಸ್ತೆಯಲ್ಲಿ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದರು. ಬಸ್ಸಿಲ್ಲದಿದ್ದರೆ ರೈಲು ಅನ್ನೋಣ ಅಂದರೆ ಜಿಲ್ಲೆಗೆ ರೈಲೇ ಇಲ್ಲ. ತಲೆ ಮೇಲಿನ ಆಕಾಶವನ್ನೂ ನಂಬುವ ಹಾಗಿಲ್ಲ. ಕುಶಾಲನಗರದಲ್ಲಿ ಮಳೆ ಕಡಿಮೆ, ಆದರೂ ಮೇಲೆ ಸುರಿದದ್ದೆಲ್ಲ ಹರಿದು ಬಂದು 2018, 2019ರಲ್ಲಿ ಅಲ್ಲಿನ ಬಡಾವಣೆಗಳು ಮುಳುಗಿದವು.

ಕಕ್ಕಡ ತಿಂಗಳಲ್ಲಿ ನಮ್ಮ ಹಿರಿಯರು ಶುಭಕಾರ್ಯ ಇಡುತ್ತಿರಲಿಲ್ಲ. ಅದನ್ನು ಮೂಢನಂಬಿಕೆ ಅನ್ನುವವರು ಆ ತಿಂಗಳು ಒಂದು ಸಂಜೆ ಸಂಪಾಜೆ ಘಾಟಿ ಹತ್ತಿ ನೋಡಲಿ.

ನಾನು ಮೊದಲು ಮೈಸೂರಿನ ಒಂದು ಕಂಪನಿಯಲ್ಲಿದ್ದೆ. ಒಂದು ಶುಕ್ರವಾರ ಊರಿನಿಂದ ಫೋನ್ ಬಂತು ಅಂತ ಮೂರು ಗಂಟೆಗೇ ಹೊರಟೆ. ಅರ್ಧ ದಿನದ ರಜೆ ಕಡಿದರು. ಅದೇ ದಿನ ನಿಯತ್ತಾಗಿ ಆರಕ್ಕೆ ಎದ್ದ ಗೋಣಿಕೊಪ್ಪದ ಗೆಳೆಯ ತಿತಿಮತಿ ಕಾಡಿನಲ್ಲಿ, ಮರ ಬಿದ್ದ ರಸ್ತೆಯಲ್ಲಿ, ಆನೆ ಬರುತ್ತೇನೋ ಅಂತ ಹೆದರುತ್ತಾ ಬೆಳಗಿನವರೆಗೆ ಬಸ್ಸಿನಲ್ಲೇ ಕೂತಿದ್ದ. ಅವನ ಹಾಜರಾತಿ ಪೂರ್ತಿ!

ಎಲ್ಲರಿಗೂ ಇಡೀ ದಿನ ರಜೆ ಕೊಡಿ ಅನ್ನುತ್ತಿಲ್ಲ. ರೆಡ್ ಅಲರ್ಟ್ ಇದ್ದ ದಿನ ಮಧ್ಯಾಹ್ನ ಎರಡಕ್ಕೆ ಬಿಡಿ, ಬೆಳಕಿರುವಾಗಲೇ ಜನ ಮನೆ ಸೇರಲಿ. ಅದು ಮ್ಯಾನೇಜರ್ ದಯೆ ಆಗಬಾರದು, ಶಾಲೆಯ ರಜೆಯ ಜೊತೆಗೇ ಬರುವ ಆದೇಶ ಆಗಬೇಕು. ಹೊರಗಿನ ಕಂಪನಿಗಳು ಅದನ್ನು ನೋಡಿ ಕೊಡಗಿಗೆ ಹೊರಡುವವರನ್ನಾದರೂ ಬೇಗ ಬಿಡಲಿ. "ಹಾಗಾದರೆ ಲೈನ್‌ಮನ್, ಆಂಬುಲೆನ್ಸ್ ಡ್ರೈವರ್?" ಅಂತ ಕೇಳಬಹುದು. ಅವರು ರಸ್ತೆಯಲ್ಲಿ ಇರಲೇಬೇಕು. ಅದಕ್ಕೇ ನಾವು ಅಡ್ಡ ಇರಬಾರದು. ಇನ್ನು ಹಾಳಾದ ಗಂಟೆಗಳ ಲೆಕ್ಕ. ಮಳೆ ರಜೆಯ ಪಾಠವನ್ನು ಶಾಲೆಗಳು ಆಮೇಲೆ ರಜಾದಿನಗಳಲ್ಲಿ ಮಾಡಿ ಮುಗಿಸುತ್ತವೆ. ನಾನಂತೂ ಎರಡು ಶನಿವಾರ ಕೊಡೋಕೆ ತಯಾರು. ನೀವು?