ಓರೆ ಹಾದಿಯಲ್ಲಿ ಎತ್ತರದ ಜೀಪು: ಹಿಡಿತವಿದ್ದರೆ ಸಾಕೇ?

ಶಿವಮೊಗ್ಗ: ವಾರಾಂತ್ಯ ಬಂತೆಂದರೆ ಶಿವಮೊಗ್ಗ ಮತ್ತು ಭದ್ರಾವತಿಯ ಪ್ರವಾಸಿಗರ ಮುಖ ಬೆಟ್ಟಗಳತ್ತ ತಿರುಗುತ್ತದೆ. ಕೆಲವರು ಹೊಸನಗರ ತಾಲ್ಲೂಕಿನ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೊರಡುತ್ತಾರೆ. ಮತ್ತೆ ಕೆಲವರು, ಒಂದು ಕಾಲಕ್ಕೆ ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಅದಿರು ಒದಗಿಸಿದ ಕೆಮ್ಮಣ್ಣುಗುಂಡಿಗೆ. ಕೊಡಚಾದ್ರಿಯ ನೆತ್ತಿಗಾಗಲಿ, ಕೆಮ್ಮಣ್ಣುಗುಂಡಿ ಸಮೀಪದ ಹೆಬ್ಬೆ ಜಲಪಾತದ ಕಡೆಗಾಗಲಿ, ಡಾಂಬರು ಮುಗಿದ ಮೇಲಿನ ಹಾದಿ ಬಾಡಿಗೆ ಜೀಪುಗಳದ್ದು.

ಹತ್ತುವ ಮುನ್ನ ಪ್ರವಾಸಿಗರಿಗೆ ಸಿಗುವ ಭರವಸೆ ಒಂದೇ: ‘ಇದು ಫೋರ್ ವ್ಹೀಲ್ ಡ್ರೈವ್, ಏನೂ ಆಗುವುದಿಲ್ಲ.’ ಈ ಮಾತು ಅರ್ಧ ಸತ್ಯ. ಉಳಿದರ್ಧದ ಬಗ್ಗೆ ಯೋಚಿಸುವವರು ವಿರಳ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿದಾಗ ಗಾಡಿಗೆ ನೆಲದ ಹಿಡಿತ ದೊರೆಯುತ್ತದೆ. ಕೆಸರಿನಲ್ಲಿ ಹೂತುಕೊಳ್ಳದೆ ಮುಂದೆ ಸಾಗುತ್ತದೆ. ಆದರೆ ಹಾದಿ ಒಂದು ಪಕ್ಕಕ್ಕೆ ವಾಲಿದಾಗ ಗಾಡಿ ಉರುಳದಂತೆ ಕಾಯುವ ಶಕ್ತಿ ಅದಕ್ಕಿಲ್ಲ. ಸಾಮಾನ್ಯ ಕಾರು ತಲುಪಲಾರದ ಓರೆ ಜಾಗಕ್ಕೆ ಗಾಡಿಯನ್ನು ಕೊಂಡೊಯ್ಯುವುದೇ ಆ ಹಿಡಿತ ಎಂಬುದನ್ನೂ ಮರೆಯುವಂತಿಲ್ಲ.

ಲೆಕ್ಕ ಏನು ಹೇಳುತ್ತದೆ?

ಗಾಡಿ ಉರುಳುವುದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ಎರಡು ಅಳತೆಗಳು ನಿರ್ಧರಿಸುತ್ತವೆ. ಒಂದು, ಎಡ–ಬಲ ಚಕ್ರಗಳ ನಡುವಿನ ಅಂತರ. ಇನ್ನೊಂದು, ಗಾಡಿಯ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಅಂಕ ಸಿಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರಿಂದ ಇದನ್ನೇ ಆಧರಿಸಿ ವಾಹನಗಳಿಗೆ ಉರುಳುವಿಕೆಯ ಶ್ರೇಣಿ ನೀಡತೊಡಗಿತು. ಸಾಮಾನ್ಯ ಕಾರುಗಳ ಅಂಕ ಸುಮಾರು 1.3ರಿಂದ 1.5, ಎತ್ತರದ ಎಸ್‌ಯುವಿಗಳದ್ದು 1.0ರಿಂದ 1.3.

ಉದಾಹರಣೆಗೆ, ಚಕ್ರಗಳ ಅಂತರ 130 ಸೆಂಟಿಮೀಟರ್, ಗುರುತ್ವ ಕೇಂದ್ರದ ಎತ್ತರ 70 ಸೆಂಟಿಮೀಟರ್ ಇರುವ ಜೀಪನ್ನು ಭಾವಿಸೋಣ. ಕಾಗದದ ಮೇಲೆ ಅದು ಸುಮಾರು 43 ಡಿಗ್ರಿ ವಾಲುವವರೆಗೂ ನಿಲ್ಲಬೇಕು. ಹಿಂದೆ ಜನ ತುಂಬಿ, ಮೇಲೆ ಗಂಟುಮೂಟೆ ಕಟ್ಟಿ, ಗುರುತ್ವ ಕೇಂದ್ರ 85 ಸೆಂಟಿಮೀಟರಿಗೆ ಏರಿದರೆ ಆ ಮಿತಿ 37 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನ ಕಡೆಯ ಚಕ್ರಗಳು ಮಳೆನೀರು ಕೊರೆದ 20 ಸೆಂಟಿಮೀಟರ್ ಕೊರಕಲಿಗೆ ಇಳಿದರೆ ಇನ್ನೂ ಸುಮಾರು 9 ಡಿಗ್ರಿ ಹೋಯಿತು. ತಗ್ಗಿನ ಕಡೆಯ ಸ್ಪ್ರಿಂಗುಗಳು ಕುಗ್ಗುವುದರಿಂದ ಮತ್ತಷ್ಟು. ಇದೆಲ್ಲ ನಿಂತ ಗಾಡಿಯ ಲೆಕ್ಕ. ಚಲಿಸುವಾಗ ಮೇಲಿನ ಚಕ್ರ ಒಂದು ಕಲ್ಲು ಹತ್ತಿದರೆ, ಆ ಕುಲುಕಾಟಕ್ಕೆ ಉಳಿದ ಮಿತಿಯೂ ಕರಗೀತು.

ಹಳೆಯ ಜೀಪುಗಳಲ್ಲಿ ಹಿಂದಿನ ಆಸನಗಳು ಎದುರುಬದುರಾಗಿರುವುದು ಇನ್ನೊಂದು ತೊಡಕು. ಗಾಡಿ ವಾಲಿದೊಡನೆ ಮೇಲಿನ ಪಕ್ಕದಲ್ಲಿ ಕುಳಿತವರು ಕೆಳಗಿನ ಪಕ್ಕದವರ ಮೇಲೆ ಜಾರುತ್ತಾರೆ. ಭಾರ ಬೇಡವಾದ ಕಡೆಗೇ, ಬೇಡವಾದ ಗಳಿಗೆಯಲ್ಲೇ ಸರಿಯುತ್ತದೆ.

ಜಿಪ್ಸಿ ಕಲಿಸಿದ ಪಾಠ

ಚಕ್ರಗಳ ಅಂತರ ಎಷ್ಟು ಮುಖ್ಯವೆಂಬುದಕ್ಕೆ ಮಲೆನಾಡಿಗೆ ಚಿರಪರಿಚಿತವಾದ ಮಾರುತಿ ಜಿಪ್ಸಿಯೇ ನಿದರ್ಶನ. 1985ರಲ್ಲಿ ಬಂದ ಈ ಗಾಡಿಯ ಚಕ್ರಗಳ ಅಂತರವನ್ನು 1993ರಲ್ಲಿ 90 ಮಿಲಿಮೀಟರ್ ಹೆಚ್ಚಿಸಲಾಯಿತು. ಅದೇ ವಂಶದ ಸುಜುಕಿ ಸಮುರಾಯ್ ಸುಲಭವಾಗಿ ವಾಲುತ್ತದೆಂದು ಅಮೆರಿಕದ ಗ್ರಾಹಕ ಸಂಘಟನೆಯೊಂದು 1988ರಲ್ಲಿ ಹೇಳಿದ್ದು ದೊಡ್ಡ ವಿವಾದವಾಯಿತು. ಕಂಪೆನಿ ಅದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ವಾದ ಯಾರದೇ ಸರಿಯಿರಲಿ, ವಾಹನದ ಸ್ಥಿರತೆ ಸಾರ್ವಜನಿಕ ಚರ್ಚೆಯ ವಿಷಯವಾಯಿತು.

ನಮ್ಮಲ್ಲಿ ಆ ಚರ್ಚೆ ಇನ್ನೂ ಹೆದ್ದಾರಿಯಲ್ಲೇ ಇದೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಅಪಘಾತದ ಹೊಡೆತವನ್ನು ಪರೀಕ್ಷಿಸುತ್ತದೆ, ಕಾಡುಹಾದಿಯ ಓರೆಯನ್ನಲ್ಲ. ವೇಗದಲ್ಲಿ ಜಾರುವ ಗಾಡಿಯನ್ನು ಹತೋಟಿಗೆ ತರುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ, ನಿಧಾನವಾಗಿ ಪಕ್ಕಕ್ಕೆ ಮಗುಚುವ ಗಾಡಿಯನ್ನು ಎತ್ತಿ ಹಿಡಿಯಲಾರದು. ಬ್ರಿಟನ್ನಿನಲ್ಲಿ ಎರಡಂತಸ್ತಿನ ಬಸ್ಸು, ಮೇಲಂತಸ್ತಿನಲ್ಲಿ ಪ್ರಯಾಣಿಕರಷ್ಟು ಭಾರ ಹೊತ್ತು 28 ಡಿಗ್ರಿ ವಾಲಿದರೂ ಉರುಳಬಾರದೆಂಬ ನಿಯಮವಿದೆ. ಇಲ್ಲಿನ ಬಾಡಿಗೆ ಜೀಪಿಗೆ ಅರ್ಹತಾ ಪತ್ರ ನೀಡುವಾಗ ಬ್ರೇಕು, ದೀಪ, ಹೊಗೆ ನೋಡುತ್ತಾರೆಯೇ ಹೊರತು, ಜನ ತುಂಬಿದಾಗ ಅದು ಎಷ್ಟು ವಾಲಬಲ್ಲದೆಂಬ ಪ್ರಶ್ನೆ ಏಳುವುದಿಲ್ಲ.

ಮಾಡಬಹುದಾದದ್ದು

ಈ ಹಾದಿಯ ಚಾಲಕರ ಕೈಚಳಕವನ್ನು ಯಾರೂ ಅಲ್ಲಗಳೆಯಲಾರರು. ಪ್ರತಿ ತಿರುವೂ ಅವರಿಗೆ ಕಂಠಪಾಠ. ಆದರೆ ಎಷ್ಟು ಜನರನ್ನು ಹತ್ತಿಸಬೇಕೆಂಬುದನ್ನು ಕೈಚಳಕಕ್ಕಿಂತ ಹೆಚ್ಚಾಗಿ ಬಾಡಿಗೆಯ ಲೆಕ್ಕವೇ ತೀರ್ಮಾನಿಸುತ್ತದೆ. ತಲೆಗೆ ಬೀಳುವ ಹಣ ಕಡಿಮೆಯಾಗಲೆಂದು ಪ್ರವಾಸಿಗರೇ ಒತ್ತೊತ್ತಾಗಿ ಕೂರುವುದೂ ಉಂಟು. ಮಿತಿ ಮೀರಿದ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ, ಸೀಟ್ ಬೆಲ್ಟ್ ಧರಿಸದಿದ್ದರೆ 1,000 ರೂಪಾಯಿ ದಂಡವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ವಿಧಿಸಿದೆ. ಕಾಯ್ದೆ ಹೊಸದಾಗಿ ಬೇಕಿಲ್ಲ. ಜೀಪು ಹೊರಡುವ ಜಾಗದಲ್ಲೇ ತಲೆ ಎಣಿಸುವವರು ಬೇಕು.

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಮಡಿಲಲ್ಲಿರುವುದರಿಂದ ಡಾಂಬರು ಹಾಕುವುದು ಪರಿಹಾರವಲ್ಲ. ಮಳೆಗಾಲ ಮುಗಿದೊಡನೆ ಅಂಚಿನ ಕೊರಕಲುಗಳನ್ನು ತುಂಬಿಸಿ, ನೀರು ಹರಿಯಲು ದಾರಿ ಮಾಡಿಕೊಟ್ಟರೂ ಸಾಕಷ್ಟು ಅಪಾಯ ತಗ್ಗುತ್ತದೆ. ಮೇಲ್ಛಾವಣಿಯ ಮೇಲೆ ಹೊರೆ ಬೇಡ. ಬಟ್ಟೆಯ ಹೊದಿಕೆಯ ಜೀಪುಗಳಿಗೆ ಉರುಳಿದರೂ ತಲೆ ಕಾಯುವ ಗಟ್ಟಿ ಉಕ್ಕಿನ ಚೌಕಟ್ಟು ಬೇಕು.

ಸ್ವಂತ ಗಾಡಿಯಲ್ಲಿ ಸಾಹಸಕ್ಕೆ ಹೊರಡುವ ಯುವಕರು ನೆನಪಿಡಬೇಕಾದ್ದಿಷ್ಟು: ಇಳಿಜಾರನ್ನು ನೇರವಾಗಿ ಹತ್ತಬೇಕು, ನೇರವಾಗಿ ಇಳಿಯಬೇಕು, ಅಡ್ಡಲಾಗಿ ದಾಟಬಾರದು. ಗಾಡಿ ಮಗುಚುವ ಸೂಚನೆ ಕಂಡರೆ ಸ್ಟೀರಿಂಗನ್ನು ತಗ್ಗಿನ ಕಡೆಗೇ ತಿರುಗಿಸಬೇಕು. ಅನುಮಾನ ಬಂದಲ್ಲಿ ಜನರನ್ನು ಇಳಿಸಿ, ನಡೆಸಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಹಳೆಯ ರೂಢಿ. ಸಾರಿಗೆ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಒಟ್ಟಿಗೆ ಕುಳಿತು, ಒಂದು ಜೀಪಿಗೆ ಎಷ್ಟು ಜನ ಎಂಬ ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಂಡರೂ ಈ ಬಾರಿ ಬಾವಿ ಮೊದಲೇ ಸಿದ್ಧವಾದೀತು.