ಟಿಯಾಗೊನೋ, ಕಾಮೆಟ್ಟೋ? ಪಿಕಪ್ ನೋಡಬೇಕಾದ್ದು ದಾವಣಗೆರೆ ರೋಡಿನಲ್ಲಿ

ಚಿಗಟೇರಿ: ಸಣ್ಣ ಎಲೆಕ್ಟ್ರಿಕ್ ಕಾರಿನ ಮಾತು ಈಗ ಬೆಂಗಳೂರು, ಹುಬ್ಬಳ್ಳಿಗಷ್ಟೇ ಸೀಮಿತವಾಗಿಲ್ಲ. ಸಾಮಾನು ತರಲು, ಬ್ಯಾಂಕಿಗೆ, ಕೋರ್ಟಿಗೆ ಅಂತ ಹರಪನಹಳ್ಳಿ, ಕೊಟ್ಟೂರಿಗೆ ಆಗಾಗ ಓಡಾಡುವ ನಮ್ಮ ಹೋಬಳಿಯ ಅಂಗಡಿಯವರೂ ಪೆಟ್ರೋಲ್ ಖರ್ಚು ಲೆಕ್ಕ ಹಾಕಿ ಇದರ ಕಡೆ ನೋಡ್ತಿದ್ದಾರೆ. ಕೇಳುವ ಮೊದಲ ಪ್ರಶ್ನೆ ‘ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ?’ ಎರಡನೇದು ‘ಪಿಕಪ್ ಹೆಂಗೈತಿ?’ ಎಲೆಕ್ಟ್ರಿಕ್ ಅಂದ್ಮೇಲೆ ಪಿಕಪ್ ಚೆನ್ನಾಗೇ ಇರುತ್ತೆ ಅನ್ನೋದು ಸಾಮಾನ್ಯ ಉತ್ತರ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಎದುರಿಗೆ ಬಸ್ಸು ಬರುವಾಗ ಗೊತ್ತಾಗುತ್ತೆ.

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಕಾರು ಅಂದರೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಟಾಟಾ ಟಿಯಾಗೊ ಇವಿ 2022ರ ಸೆಪ್ಟೆಂಬರ್‌ನಲ್ಲಿ 8.49 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಂತು. ಎಂಜಿ ಕಾಮೆಟ್ 2023ರ ಏಪ್ರಿಲ್‌ನಲ್ಲಿ 7.98 ಲಕ್ಷಕ್ಕೆ ಬಂತು. ಮಾರುಕಟ್ಟೆಗೆ ಬಂದಾಗ ಕಂಪನಿಗಳು ಕೊಟ್ಟ ಲೆಕ್ಕ ಹೀಗಿದೆ.

ಟಿಯಾಗೊದಲ್ಲಿ ಎರಡು ಬ್ಯಾಟರಿ. 24 ಯೂನಿಟ್ ಕರೆಂಟ್ ಹಿಡಿಯುವ ದೊಡ್ಡದಕ್ಕೆ ಸುಮಾರು 75 ಎಚ್‌ಪಿ ಮೋಟಾರ್, 114 ನ್ಯೂಟನ್ ಮೀಟರ್ ಟಾರ್ಕ್. ಸೊನ್ನೆಯಿಂದ 60 ಕಿ.ಮೀ. ವೇಗಕ್ಕೆ 5.7 ಸೆಕೆಂಡ್. 19.2 ಯೂನಿಟ್‌ನ ಚಿಕ್ಕದಕ್ಕೆ ಸುಮಾರು 61 ಎಚ್‌ಪಿ, 110 ಟಾರ್ಕ್. ಅದೇ 60ಕ್ಕೆ 6.2 ಸೆಕೆಂಡ್. ಕಾಮೆಟ್‌ಗೆ 17.3 ಯೂನಿಟ್ ಬ್ಯಾಟರಿ, ಸುಮಾರು 42 ಎಚ್‌ಪಿ, ಟಾರ್ಕ್ ಮಾತ್ರ ಅದೇ 110.

ಇಲ್ಲೇ ವಿಷಯ ಇರೋದು. ಟಾರ್ಕ್ ಅಂದರೆ ಹೇರು ತುಂಬಿದ ಬಂಡಿಯನ್ನು ನಿಂತ ಜಾಗದಿಂದ ಕಿತ್ತು ಎಳೆಯುವ ಬಲ. ಎಲೆಕ್ಟ್ರಿಕ್ ಮೋಟಾರ್ ಆ ಬಲವನ್ನು ಮೊದಲ ಸುತ್ತಿನಿಂದಲೇ ಕೊಡುತ್ತೆ. ಪೆಟ್ರೋಲ್ ಎಂಜಿನ್ ಹಾಗೆ ರೇಸ್ ಮಾಡಿ, ಗೇರ್ ಬದಲಿಸಿ ಕಾಯಬೇಕಿಲ್ಲ. ಹಾಗಾಗಿ ಬಸ್ ನಿಲ್ದಾಣದ ಮುಂದೆ, ಸಂತೆ ಬೀದಿಯಲ್ಲಿ ಎರಡೂ ಗಾಡಿ ಒತ್ತಿದ ತಕ್ಷಣ ಜಿಗಿಯುತ್ತವೆ. ಸಣ್ಣಗೆ, ಹಗುರಾಗಿರುವ ಕಾಮೆಟ್ ಅಲ್ಲಿ ಹಿಂದೆ ಬೀಳುವುದಿಲ್ಲ. ಮೂರು ಮೀಟರೂ ಉದ್ದವಿಲ್ಲದ ಗಾಡಿ, ತಿರುಗಿಸೋಕೂ ಸಲೀಸು.

ಆದರೆ ವೇಗ ಹೆಚ್ಚಿದಂತೆ ಟಾರ್ಕ್ ಮಾತು ಮುಗಿದು ಎಚ್‌ಪಿ ಮಾತು ಶುರುವಾಗುತ್ತೆ. ಬೋರ್‌ವೆಲ್ ಮೋಟಾರಿಗೆ ನಾವು ಹೇಳುವ ಅದೇ ಎಚ್‌ಪಿ. 3 ಎಚ್‌ಪಿ ಮೋಟಾರೂ ನೀರೆತ್ತುತ್ತೆ, 5 ಎಚ್‌ಪಿ ಮೋಟಾರೂ ಎತ್ತುತ್ತೆ. ಆಳ ಹೆಚ್ಚಾದಾಗ ತಾನೇ ವ್ಯತ್ಯಾಸ? ಹಾಗೇ 50ರಿಂದ 80ಕ್ಕೆ ಏರುವಾಗ 42 ಎಚ್‌ಪಿಯ ಗಾಡಿ ನಿಧಾನವಾಗುತ್ತೆ, 75ರದ್ದು ಎಳೆಯುತ್ತಲೇ ಹೋಗುತ್ತೆ. ಜಾಹೀರಾತಿನಲ್ಲಿ ಬರುವ ‘ಸೊನ್ನೆಯಿಂದ 60’ ಈ ವ್ಯತ್ಯಾಸವನ್ನು ಪೂರ್ತಿ ತೋರಿಸುವುದಿಲ್ಲ.

ನಮಗೆ ಇದು ಯಾಕೆ ಮುಖ್ಯ? ತಾಲ್ಲೂಕು ದಾವಣಗೆರೆ ಜಿಲ್ಲೆಯಿಂದ 2018ರಲ್ಲಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರಕ್ಕೆ ಸೇರಿದ್ರೂ ದೊಡ್ಡ ಕಾಯಿಲೆ ಅಂದರೆ ಜನ ಓಡುವುದು ದಾವಣಗೆರೆಗೇ. ಅಲ್ಲಿನ ಜಿಲ್ಲಾ ಆಸ್ಪತ್ರೆಗೇ ಚಿಗಟೇರಿ ಹೆಸರಿದೆ. ಆ ದಾರಿಯಲ್ಲಿ ಮೆಕ್ಕೆಜೋಳದ ಲಾರಿ, ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕದೆ ಹೋಗೋಕಾಗಲ್ಲ.

ಒಂದು ಲೆಕ್ಕ ಹಾಕೋಣ. ಮುಂದೆ 10 ಮೀಟರ್ ಉದ್ದದ ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಎದುರಿನಿಂದ ಬಸ್ಸು 60ರಲ್ಲಿ ಬರ್ತಿದೆ. ಲಾರಿಗೆ ಹಿಂದೆ 15, ಮುಂದೆ 15 ಮೀಟರ್ ಅಂತರ ಬಿಟ್ಟು ಹಿಂದಿಕ್ಕಬೇಕು. ಕಾರಿನ ಉದ್ದ 4 ಮೀಟರ್ ಅಂತ ಹಿಡಿಯಿರಿ. ನಿಮ್ಮ ಗಾಡಿ 70ರಲ್ಲಿದ್ದರೆ ಸುಮಾರು 8 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಮತ್ತು ಬಸ್ಸು ಸೇರಿ ಸುಮಾರು 285 ಮೀಟರ್ ರಸ್ತೆ ನುಂಗಿರುತ್ತೀರಿ. 80ರಲ್ಲಿದ್ದರೆ ಸಾಕಾಗುವುದು ಐದು ಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು. ರಸ್ತೆ ಸುಮಾರು 205 ಮೀಟರ್. ವ್ಯತ್ಯಾಸ 80 ಮೀಟರ್. 50ರಿಂದ ಆ ವೇಗಕ್ಕೆ ಏರಲು ಬೇಕಾದ ಜಾಗ ಇದರ ಮೇಲೆ ಬೇರೆ. ಏರುವುದು ನಿಧಾನವಾದಷ್ಟೂ ಎದುರು ಬದಿಯಲ್ಲಿ ನಿಮ್ಮ ಗಾಡಿ ಹೆಚ್ಚು ಹೊತ್ತು ಇರುತ್ತೆ.

ಇನ್ನೊಂದು ಮಾತು ನೆನಪಿಡಿ. ನಾಲ್ಕು ಜನ ಕೂತರೆ ಸುಮಾರು 250 ಕೆ.ಜಿ. ಹೇರು. ಹಗುರಾದ ಗಾಡಿಗೆ ಆ ಹೇರು ಹೆಚ್ಚು ತಟ್ಟುತ್ತೆ. ಒಬ್ಬರೇ ಕೂತಾಗ ಚುರುಕಾಗಿದ್ದ ಕಾಮೆಟ್ ಸಂಸಾರ ಸಮೇತ ಹೊರಟಾಗ ಬೇರೆ ಗಾಡಿ ಅನ್ನಿಸಬಹುದು. ಹಾಗಂತ ಟಿಯಾಗೊ ಅಂದ ಕೂಡಲೇ ಚಿಂತೆ ಇಲ್ಲ ಅನ್ನೋಕೂ ಆಗಲ್ಲ. ಅದು ಭಾರದ ಗಾಡಿ; 61 ಎಚ್‌ಪಿಯದ್ದಕ್ಕೂ ಕಾಮೆಟ್‌ಗೂ ಇರುವ ಅಂತರ ಕಾಗದದ ಮೇಲೆ ಕಂಡಷ್ಟು ದೊಡ್ಡದಿರಲ್ಲ. ನಿಜವಾದ ಜಿಗಿತ ಇರುವುದು ದೊಡ್ಡ ಬ್ಯಾಟರಿಯಲ್ಲಿ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಹಳಬರಿಗಿರುವ ಅನುಮಾನಕ್ಕೂ ಕಾರಣ ಇದೆ. ನಮ್ಮ ರಾಜ್ಯದ್ದೇ ಆದ ರೇವಾ 2001ರಲ್ಲಿ ಬೆಂಗಳೂರಿನಿಂದ ಬಂದಾಗ ಲೆಡ್ ಆಸಿಡ್ ಬ್ಯಾಟರಿ ಹೊತ್ತಿತ್ತು, 80 ಕಿ.ಮೀ. ವೇಗ ದಾಟುತ್ತಿರಲಿಲ್ಲ. ಲಂಡನ್‌ವರೆಗೂ ಹೋದ ಆ ಕಾರು ಪೇಟೆಗೆ ಸಾಕಾಗಿತ್ತು, ಹೆದ್ದಾರಿಗೆ ಸಾಲಲಿಲ್ಲ. 2010ರಲ್ಲಿ ಮಹೀಂದ್ರಾ ಕಂಪನಿ ಅದನ್ನು ಕೊಂಡು 2013ರಲ್ಲಿ ಇ2ಒ ತಂದಾಗಲೂ ಗಾಡಿ ಪೇಟೆಯದ್ದೇ ಆಗಿತ್ತು. ಕಾಮೆಟ್ ಆ ಸಾಲಿನ ಸುಧಾರಿಸಿದ ಗಾಡಿ. ಕಂಪನಿಯೂ ಅದನ್ನು ಪೇಟೆ ಕಾರು ಅಂತಲೇ ಮಾರುತ್ತಿದೆ.

ಹಾಗಾದರೆ ಯಾವುದು? ಊರೊಳಗೆ, ಅಂಗಡಿ–ಮನೆ–ಹರಪನಹಳ್ಳಿ ಅಂತ 40–50ರಲ್ಲಿ ಓಡಿಸುವವರು ಪಿಕಪ್ ಹೆಸರಲ್ಲಿ ಹೆಚ್ಚು ದುಡ್ಡು ಹಾಕಬೇಕಿಲ್ಲ. ಕಾಮೆಟ್ ಸಾಕು. ವಾರಕ್ಕೊಮ್ಮೆಯಾದರೂ ಮನೆಯವರನ್ನು ಕೂರಿಸಿಕೊಂಡು ದಾವಣಗೆರೆಗೋ ಜಿಲ್ಲಾ ಕೇಂದ್ರ ಹೊಸಪೇಟೆಗೋ ಹೋಗುವವರಿಗೆ ದೊಡ್ಡ ಬ್ಯಾಟರಿಯ ಟಿಯಾಗೊ ಸೂಕ್ತ. ಅದಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗ್ ಇದೆ, ಕಾಮೆಟ್‌ಗೆ ಇಲ್ಲ. ಜೋರಾಗಿ ಎಳೆದಷ್ಟೂ ಚಾರ್ಜ್ ಬೇಗ ಇಳಿಯುತ್ತೆ, ಚಾರ್ಜ್ ತೀರಾ ಕಮ್ಮಿಯಾದಾಗ ಗಾಡಿ ತಾನೇ ಬಲ ಕಡಿಮೆ ಮಾಡಿಕೊಳ್ಳುತ್ತೆ ಅನ್ನೋದು ಎರಡಕ್ಕೂ ಅನ್ವಯ.

ಕೊಳ್ಳುವ ಮುಂಚೆ ಶೋರೂಂ ಸುತ್ತ ಒಂದು ಸುತ್ತು ಹೊಡೆದು ಒಪ್ಪಬೇಡ್ರಿ. ನಾಲ್ಕು ಜನ ಕೂತು, ಎಸಿ ಹಾಕಿ, ಖಾಲಿ ಇರುವ ನೇರ ರಸ್ತೆಗೆ ಒಯ್ಯಿರಿ. 50ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಎಣಿಸಲಿ. ಮೊದಲು ನಾರ್ಮಲ್ ಅಥವಾ ಸಿಟಿ ಮೋಡ್, ಆಮೇಲೆ ಸ್ಪೋರ್ಟ್ ಮೋಡ್. ಎರಡೂ ಗಾಡಿಗೆ ಒಂದೇ ರಸ್ತೆ, ಅಷ್ಟೇ ಜನ. ಬಂದ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾವ ಗಾಡಿ ಕೊಂಡರೂ, ಲಾರಿ ಹಿಂದೆ ಇದ್ದಾಗ ನುಗ್ಗಬೇಕೋ ಕಾಯಬೇಕೋ ಅನ್ನೋದನ್ನು ಆ ಸಂಖ್ಯೆ ನೋಡಿ ತೀರ್ಮಾನಿಸಿ.