ಸಾಲಿನ ತಲೆಯ ತೆರಪು

ನಮ್ಮ ಮಲ್ಲಿಪಟ್ಟಣದ ಮನೆಯಲ್ಲಿ ಶ್ರಾವಣ ಬಂದಿತೆಂದರೆ ಸಂಜೆ ಕುಮಾರವ್ಯಾಸ ಭಾರತದ ವಾಚನ ನಡೆಯುವುದು ರೂಢಿ. ಪುಸ್ತಕದ ಹಾಳೆಗಳು ಜೀರ್ಣವಾದುದರಿಂದ ಮೊಮ್ಮಗಳು ಕೆಲವು ಸಂಧಿಗಳನ್ನು ಬೆರಳಚ್ಚಿಸಿ, ಜಾಲಪುಟವನ್ನಾಗಿ ಮಾಡಿ, ಮೊಬೈಲನ್ನು ನನ್ನ ಕೈಗಿತ್ತಳು. ಓದತೊಡಗಿದೆನು, ಮೂರನೆಯ ಸಾಲಿನಲ್ಲಿಯೇ ಎಡವಿದೆನು. ಆರು ಪಾದಗಳ ಪದ್ಯವು ಎಂಟು ಸಾಲಾಗಿ ನಿಂತಿದ್ದಿತು!

ಕಾರಣವು ಛಂದಸ್ಸಿನಲ್ಲಿಯೇ ಇದೆ. ಭಾಮಿನೀ ಷಟ್ಪದಿಯ ೧, ೨, ೪, ೫ನೆಯ ಪಾದಗಳಿಗೆ ೧೪ ಮಾತ್ರೆ. ೩, ೬ನೆಯವಕ್ಕೆ ೨೩. ಕಿರಿದಾದ ತೆರೆಯಲ್ಲಿ ಉದ್ದದ ಪಾದ ಹಿಡಿಸದೆ ಮುರಿದು, ಅದರ ಬಾಲವು ಅಂಚಿಗೇ ಬಂದು, ತಾನೂ ಒಂದು ಪಾದವೆಂಬಂತೆ ನಟಿಸುತ್ತಿದ್ದಿತು. ಕಂಠಪಾಠವಿರುವವನಿಗೆ ಇದು ಬಾಧೆಯಲ್ಲ. ಹೊಸದಾಗಿ ಕಲಿಯುವ ಮಗುವಿಗಾದರೋ ಎಲ್ಲಿ ಉಸಿರು ನಿಲ್ಲಿಸಬೇಕೆಂಬುದೇ ತಿಳಿಯದು. ಲಯ ಕೆಟ್ಟರೆ ಅರ್ಥವೂ ಕೆಡುವುದಲ್ಲವೆ?

ಮೊಮ್ಮಗಳು ಮೊದಲು ತೆರಪಿನ ಕೀಲಿಯನ್ನು ಹತ್ತು ಬಾರಿ ಒತ್ತಿ ನೋಡಿದಳು. ಫಲವಾಗಲಿಲ್ಲ. ಜಾಲಪುಟವು ಒತ್ತೊತ್ತಾಗಿ ಬರುವ ತೆರಪುಗಳನ್ನೆಲ್ಲ ಒಂದೆಂದೇ ಎಣಿಸುವುದು. ಸಾಲಿನ ತಲೆಯಲ್ಲಿದ್ದರೆ ಅದನ್ನೂ ಬಿಟ್ಟುಬಿಡುವುದು. ಪುಟದ ರೂಪವನ್ನು ವಿಧಿಸುವ ಭಾಷೆಯೇ ಬೇರೆ. ೧೯೯೬ರ ಡಿಸೆಂಬರಿನಲ್ಲಿ ಅಂಗೀಕಾರವಾದ ಸಿಎಸ್‌ಎಸ್ ಎಂಬ ಶೈಲಿಸೂತ್ರಗಳ ಮೊದಲ ಆವೃತ್ತಿಯಲ್ಲಿಯೇ ‘ಟೆಕ್ಸ್ಟ್-ಇಂಡೆಂಟ್’ ಎಂಬ ಸೂತ್ರವಿದೆ. ಗದ್ಯದ ಕಂಡಿಕೆಗೆ ಇದರ ಬೆಲೆಯನ್ನು ‘೨ ಎಮ್’ ಎಂದಿಟ್ಟರೆ ಮೊದಲ ಸಾಲು ಮಾತ್ರ ಅಕ್ಷರದ ಗಾತ್ರದ ಎರಡರಷ್ಟು ಒಳಸರಿಯುವುದು. ಅಕ್ಷರವನ್ನು ಹಿಗ್ಗಿಸಿದರೆ ತೆರಪೂ ಹಿಗ್ಗುವುದು.

ನಮ್ಮ ಪದ್ಯಕ್ಕೆ ಬೇಕಾದುದು ಇದರ ವಿಪರೀತ. ಪ್ರತಿಯೊಂದು ಪಾದವನ್ನೂ ಬೇರೆ ಕಂಡಿಕೆಯನ್ನಾಗಿಸಿ, ‘ಪ್ಯಾಡಿಂಗ್-ಲೆಫ್ಟ್’ ೨ ಎಮ್ ಎಂದೂ ‘ಟೆಕ್ಸ್ಟ್-ಇಂಡೆಂಟ್’ ಋಣ ೨ ಎಮ್ ಎಂದೂ ವಿಧಿಸಬೇಕು. ಮೊದಲನೆಯದು ಪಾದವನ್ನೆಲ್ಲ ಒಳಕ್ಕೆ ತಳ್ಳುವುದು. ಎರಡನೆಯದು ಅದರ ಮೊದಲ ಸಾಲನ್ನಷ್ಟೇ ಅಂಚಿಗೆ ಮರಳಿ ಎಳೆಯುವುದು. ಮುರಿದ ಬಾಲವು ಒಳಗೇ ಉಳಿದು, ತಾನು ಮೇಲಿನ ಸಾಲಿನ ಶೇಷವೆಂದು ತಾನೇ ಸಾರುವುದು. ಪ್ಯಾಡಿಂಗನ್ನು ಮರೆತು ಋಣಬೆಲೆಯನ್ನು ಮಾತ್ರ ಬರೆದರೆ ಪಾದದ ಮೊದಲಕ್ಷರಗಳು ತೆರೆಯಿಂದಾಚೆಗೆ ಜಾರಿಹೋಗಬಹುದು, ಎಚ್ಚರವಿರಲಿ.

ಓಲೆಗರಿಯ ಲಿಪಿಕಾರರು ಪಾದಕ್ಕೊಂದು ಸಾಲೆಂದು ಬಿಡಿಸದೆ ಒಂದೇ ಸಮನೆ ಬರೆದುಕೊಂಡು ಹೋದರು. ಪಾದವೆಲ್ಲಿ ಮುಗಿಯಿತೆಂಬುದನ್ನು ಓದುವವನ ಕಿವಿಯೇ ಬಲ್ಲುದಾಗಿದ್ದಿತು. ಇಂದಿನ ಮಕ್ಕಳಿಗೆ ಕಣ್ಣೇ ಮೊದಲ ಗುರು. ಮರುದಿನ ಸಂಜೆ ಹತ್ತು ವರ್ಷದ ಕಿರಿಯ ಮೊಮ್ಮಗನನ್ನು ಓದಲು ಕುಳ್ಳಿರಿಸಿದೆವು. ಆರನೆಯ ಪಾದದ ಕೊನೆಯ ಗುರುವಿನವರೆಗೂ ಹುಡುಗನು ಎಲ್ಲಿಯೂ ತಡವರಿಸಲಿಲ್ಲ. ಹಿಂದಿನ ದಿನ ನಾನೇ ಎಡವಿದ್ದ ಪದ್ಯವದು.

ಮನೆಯ ಹಳೆಯ ಹಾಡುಗಬ್ಬಗಳನ್ನು ಬೆರಳಚ್ಚಿಸಿ ಉಳಿಸಬೇಕೆಂಬ ಸೋದರಿಯರು ಅಕ್ಷರಗಳಷ್ಟೇ ಆಸ್ಥೆಯಿಂದ ಈ ತೆರಪನ್ನೂ ಉಳಿಸಲಿ.